ನೆರಳಿಲ್ಲದ ನಾಡಿನಲ್ಲಿ ಮೂರು ದಿನದ ನಡಿಗೆ

(ಸಂಘದ ಕಾರ್ಯದರ್ಶಿಗಳಿಂದ)



ಕೊಯ್ಲು ಮುಗಿದ ಮೇಲೆ ಸಂಘದ ಸದಸ್ಯರು ವರ್ಷಕ್ಕೊಮ್ಮೆ ಕಾಲ್ನಡಿಗೆಯ ಪ್ರವಾಸ ಹೋಗಿಬರುವ ವಾಡಿಕೆ ತಮಗೆಲ್ಲ ತಿಳಿದದ್ದೇ. ಇದುವರೆಗೆ ನಾವು ನಡೆದದ್ದೆಲ್ಲ ನಮ್ಮಂಥದೇ ಬೆಟ್ಟ ಕಾಡುಗಳಲ್ಲಿ. ಮುಳ್ಳಯ್ಯನಗಿರಿ ಆಯಿತು, ಕೊಡಚಾದ್ರಿ ಆಯಿತು, ಕುದುರೆಮುಖವೂ ಆಯಿತು. ಈ ಬಾರಿ ವಿಜಯಪುರದ ಕಡೆಗೆ ಹೋಗೋಣವೆಂದು ನಾವು ಸೂಚಿಸಿದಾಗ ಹಿರಿಯ ಸದಸ್ಯರೊಬ್ಬರು, "ಅಲ್ಲಿ ಹತ್ತಲಿಕ್ಕೆ ಗುಡ್ಡವಿಲ್ಲ, ಕೂರಲಿಕ್ಕೆ ನೆರಳಿಲ್ಲ. ಏನು ನೋಡುವುದು ಮಾರಾಯರೇ?" ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರವಾಗಿ ಈ ಲೇಖನ.

ಅರೇಬಿಕಾ ಕೊಯ್ಲು ಮುಗಿದು, ಅಡಿಕೆಯ ಕೊನೆಯ ಕೊಯ್ಲೂ ಆಗಿ, ಹೂಮಳೆಗೆ ಇನ್ನೂ ಸಮಯವಿದ್ದ ಫೆಬ್ರವರಿ ನಡುವಿನ ವಾರದಲ್ಲಿ ಹದಿನೆಂಟು ಜನ ಹೊರಟೆವು. ಹೋದ ಬೇಸಿಗೆಯಲ್ಲಿ ಹಳ್ಳಕ್ಕೆ ಪಂಪು ಇಡುವ ವಿಚಾರದಲ್ಲಿ ಮಾತು ಬಿಟ್ಟಿದ್ದ ನೆರೆಹೊರೆಯ ತೋಟದವರಿಬ್ಬರೂ ಗುಂಪಿನಲ್ಲಿದ್ದರು. ಅರಸೀಕೆರೆಯಲ್ಲಿ ರಾತ್ರಿ ರೈಲು ಹತ್ತುವಾಗ ಒಬ್ಬರು ಮುಂದಿನ ಬೋಗಿಯಲ್ಲೂ ಒಬ್ಬರು ಹಿಂದಿನ ಬೋಗಿಯಲ್ಲೂ ಕೂತರು. ನಾವೂ ಒತ್ತಾಯ ಮಾಡಲಿಲ್ಲ.

ಮೊದಲ ದಿನ: ಊರೊಳಗಿನ ನಡಿಗೆ

ವಿಜಯಪುರ (೨೦೧೪ರ ತನಕ ಬಿಜಾಪುರ) ನಡೆದೇ ನೋಡಬೇಕಾದ ಊರು. ಪೂರ್ವದಲ್ಲಿ ಗೋಲಗುಂಬಜ್, ಪಶ್ಚಿಮದಲ್ಲಿ ಇಬ್ರಾಹಿಂ ರೋಜಾ. ಇವೆರಡರ ನಡುವೆ ಹಳೆಯ ಕೋಟೆಯೊಳಗಿನ ಊರು. ಈ ತುದಿಯಿಂದ ಆ ತುದಿಗೆ ನಿಧಾನವಾಗಿ ನಡೆದರೆ ಒಂದು ದಿನ ಬೇಕು.

ಗೋಲಗುಂಬಜಿಗೆ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಬೇಕು. ಹೊತ್ತೇರಿದರೆ ಶಾಲೆಯ ಮಕ್ಕಳ ಕೂಗಾಟದಲ್ಲಿ ಏನೂ ಕೇಳಿಸದು. ೧೬೨೭ರಿಂದ ೧೬೫೬ರವರೆಗೆ ಆಳಿದ ಮಹಮ್ಮದ್ ಆದಿಲಶಾಹನ ಸಮಾಧಿ ಇದು. ಗುಮ್ಮಟದ ಕೆಳಗಿನ ನೆಲ ೧೮,೦೦೦ ಚದರ ಅಡಿಗೂ ಮಿಕ್ಕಿದೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಹದಿನಾರು ಗುಂಟೆಗೂ ಹೆಚ್ಚು ಜಾಗ, ನಡುವೆ ಒಂದು ಕಂಬವಿಲ್ಲ. ಮೂಲೆಯ ಗೋಪುರದೊಳಗಿನ ಮೆಟ್ಟಿಲು ಕಡಿದಾದದ್ದು, ಏಳು ಅಂತಸ್ತು. ಮಂಡಿನೋವಿನ ಸದಸ್ಯರು ಅಂತಸ್ತಿಗೊಮ್ಮೆ ನಿಂತು ಹತ್ತಿದರು, ಆದರೆ ಹತ್ತಿದರು. ಮೇಲಿನ ಪಿಸುಗುಟ್ಟುವ ಮೊಗಸಾಲೆಯಲ್ಲಿ ಗೋಡೆಗೆ ಬಾಯಿಟ್ಟು ಒಬ್ಬರು ಮೆಲ್ಲನೆ "ರಾಶಿ ಅಡಿಕೆ ಧಾರಣೆ ಎಷ್ಟು?" ಎಂದು ಕೇಳಿದರು. ಎದುರು ಗೋಡೆಯ ಬಳಿ ಇದ್ದವರಿಂದ "ಇಳಿದಿದೆ" ಎಂದು ಉತ್ತರ ಬಂತು. ಆ ಉತ್ತರ ಹತ್ತು ಸಲ ಮೊಳಗಿದ್ದು ಮಾತ್ರ ಯಾರಿಗೂ ಹಿತವಾಗಲಿಲ್ಲ.

ಅಲ್ಲಿಂದ ಜುಮ್ಮಾ ಮಸೀದಿ, ಅಸಾರ್ ಮಹಲ್ ನೋಡಿಕೊಂಡು ಅರಕಿಲ್ಲೆಗೆ ಬಂದರೆ ೧೫೬೧ರಲ್ಲಿ ಕಟ್ಟಿದ ಗಗನ ಮಹಲ್. ೧೬೮೬ರಲ್ಲಿ ಕೊನೆಯ ಸುಲ್ತಾನ ಸಿಕಂದರನು ಔರಂಗಜೇಬನಿಗೆ ಶರಣಾದದ್ದರೊಂದಿಗೆ ಈ ಮನೆತನದ ಆಳ್ವಿಕೆ ಮುಗಿಯಿತು. ಸಮೀಪದಲ್ಲೇ ಬಾರಾ ಕಮಾನ್, ಎರಡನೆಯ ಅಲಿ ಆದಿಲಶಾಹನ ಮುಗಿಯದ ಸಮಾಧಿ. ಮಹಾದೊಡ್ಡ ಕೆಲಸ ಹಿಡಿದು ಕಮಾನುಗಳ ಮಟ್ಟಕ್ಕೇ ನಿಂತುಹೋದದ್ದು. ಮುಂದೆ ೧೫೮೪ರ ಉಪ್ಪಲಿ ಬುರುಜು. ಹೊರಗಿನಿಂದಲೇ ಸುತ್ತಿಕೊಂಡು ಹೋಗುವ ಮೆಟ್ಟಿಲು ಹತ್ತಿದರೆ ಸುಮಾರು ಎಂಬತ್ತು ಅಡಿ ಎತ್ತರದಿಂದ ಇಡೀ ಊರು, ಅದರಾಚೆಗೆ ಬಯಲು ಕಾಣುತ್ತದೆ. ಮಲಿಕ್-ಎ-ಮೈದಾನ್ ತೋಪು ಅಲ್ಲಿಂದ ದೂರವಿಲ್ಲ. ೧೫೪೯ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು ೫೫ ಟನ್ನು. ಅದರ ಬಾಯಿ, ಆನೆಯನ್ನು ಕಚ್ಚಿದ ಸಿಂಹದ ಬಾಯಿಯಂತಿದೆ.

ಆದರೆ ನಮ್ಮವರು ಹೆಚ್ಚು ಹೊತ್ತು ನಿಂತದ್ದು ತೋಪಿನ ಬಳಿಯಲ್ಲಲ್ಲ, ತಾಜ್ ಬಾವಡಿಯಲ್ಲಿ. ೧೬೨೦ರ ಸುಮಾರಿಗೆ ಕಟ್ಟಿದ ಈ ಬಾವಿಯ ಒಂದೊಂದು ಬದಿಯೂ ೨೨೦ ಅಡಿಗೆ ಕಡಿಮೆಯಿಲ್ಲ. ಬಹುಕಾಲ ಹೂಳು, ಕಸ ತುಂಬಿ ಹಾಳಾಗಿದ್ದುದನ್ನು ಕೆಲವು ವರ್ಷಗಳ ಹಿಂದೆ ಬಳಿಸಿ ಚೊಕ್ಕಟ ಮಾಡಿದರು. ಹೂಳು ತೆಗೆದ ಬಾವಿಯಲ್ಲಿ ನೀರು ನಿಂತಿರುವುದನ್ನು ನೋಡಿ ನಮ್ಮ ಗುಂಪು ಸುಮ್ಮನಾಯಿತು. ಏಕೆಂಬುದು ನಮ್ಮೂರ ಕೆರೆಯನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ. ಸಂಜೆ ಇಬ್ರಾಹಿಂ ರೋಜಾದ ಅಂಗಳದಲ್ಲಿ ಕುಳಿತು ದಿನ ಮುಗಿಸಿದೆವು.

ಎರಡನೆಯ ದಿನ: ತೊರವಿಯಿಂದ ತಿಕೋಟಾಕ್ಕೆ

ಊರಿನಿಂದ ಪಶ್ಚಿಮಕ್ಕೆ ಅಥಣಿ ರಸ್ತೆಯಲ್ಲಿ ಸ್ವಲ್ಪ ದೂರಕ್ಕೆ ತೊರವಿ. ತೊರವೆ ರಾಮಾಯಣದ ಕುಮಾರ ವಾಲ್ಮೀಕಿಯ ಊರು, ನರಸಿಂಹ ದೇವರ ಸನ್ನಿಧಿ. ಇದರ ಸುತ್ತಲೇ ೧೫೯೯ರಲ್ಲಿ ಎರಡನೆಯ ಇಬ್ರಾಹಿಂ ಆದಿಲಶಾಹ ನವರಸಪುರವೆಂಬ ಹೊಸ ನಗರವನ್ನು ಕಟ್ಟಲು ತೊಡಗಿದ. ೧೬೨೪ರಲ್ಲಿ ಮಲಿಕ್ ಅಂಬರನ ದಾಳಿಗೆ ಅದು ಹಾಳಾಯಿತು. ಈಗ ಉಳಿದಿರುವ ಸಂಗೀತ ಮಹಲಿನ ಸುತ್ತ ಹೊಲಗಳ ನಡುವೆ ಎರಡು ಮೂರು ಗಂಟೆ ಹಾಯಾಗಿ ನಡೆಯಬಹುದು.

ಇಲ್ಲಿ ತಪ್ಪದೆ ನೋಡಬೇಕಾದದ್ದು ಸುರಂಗ ಬಾವಡಿ. ತೊರವಿಯ ಕಡೆಯ ನೀರನ್ನು ನೆಲದೊಳಗಿನ ಸುರಂಗದಲ್ಲಿ ಊರಿಗೆ ಒಯ್ಯುತ್ತಿದ್ದರು. ಗಾಳಿ ಬೆಳಕಿಗೂ, ಹೂಳು ಎತ್ತಲಿಕ್ಕೂ ಅಲ್ಲಲ್ಲಿ ಬಾವಿಯಂಥ ಕಿಂಡಿಗಳಿವೆ. ಊರೊಳಗೆ ಎತ್ತರದ 'ಗಂಜ್' ಎಂಬ ಗೋಪುರಗಳನ್ನು ಕಟ್ಟಿ ನೀರಿನ ಒತ್ತಡವನ್ನು ತಗ್ಗಿಸಿ ಮಣ್ಣಿನ ಕೊಳವೆಗಳಿಗೆ ಬಿಡುತ್ತಿದ್ದರು. ಗುಡ್ಡದ ಅಬ್ಬಿಯಿಂದ ತೋಟಕ್ಕೆ ಪೈಪು ಎಳೆದು, ಒತ್ತಡಕ್ಕೆ ಜೋಡಣೆ ಕಿತ್ತುಹೋದಾಗ ಪರದಾಡಿದ ನಮಗೆಲ್ಲ ಈ ವ್ಯವಸ್ಥೆಯನ್ನು ಯಾರೂ ವಿವರಿಸಬೇಕಾಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಬಸ್ಸು ಹಿಡಿದು ತಿಕೋಟಾ ತಲುಪಿದೆವು. ವಿಜಯಪುರದಿಂದ ಸುಮಾರು ೨೦ ಕಿ.ಮೀ. ತಿಕೋಟಾ, ಬಬಲೇಶ್ವರ ಎರಡೂ ಈಗ ಪ್ರತ್ಯೇಕ ತಾಲ್ಲೂಕುಗಳು. ತಿಕೋಟಾದ ಸುತ್ತ ದ್ರಾಕ್ಷಿ ತೋಟಗಳು. ಬಿಸಿಲಿಳಿದ ಮೇಲೆ ತೋಟದ ಬದುಗಳ ಮೇಲೆ ನಡೆದೆವು. ಒಂದು ಒಣದ್ರಾಕ್ಷಿ ಶೆಡ್ಡಿನ ಯಜಮಾನರು ನಮ್ಮನ್ನು ಕಂಡು, "ಬರ್ರಿ ಬರ್ರಿ, ಕೂಡ್ರಿ, ಯಾವೂರಾಗ್ಲಿಂದ ಬಂದೀರಿ?" ಎಂದು ಕರೆದು ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು ಬಡಿಸಿದರು. ಹದಿನೆಂಟು ಜನಕ್ಕೆ! ಹಣ ಕೊಡಹೋದರೆ ಬೇಸರ ಮಾಡಿಕೊಂಡರು.

ಅವರು ಹೇಳಿದ್ದು: ಏಪ್ರಿಲಿನಲ್ಲಿ ಒಂದು ಚಾಟಣಿ, ಅಕ್ಟೋಬರಿನಲ್ಲಿ ಇನ್ನೊಂದು. ಗೊಂಚಲು ಕೊಯ್ದು ದ್ರಾವಣದಲ್ಲಿ ಅದ್ದಿ, ನೆರಳಿನ ಶೆಡ್ಡಿನಲ್ಲಿ ಬಲೆಯ ಅಟ್ಟಗಳ ಮೇಲೆ ಹರವಿ ಹದಿನೈದು ದಿನದ ಸುಮಾರು ಒಣಗಿಸಬೇಕು. ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಒಣದ್ರಾಕ್ಷಿ. ಒಣಗುವಾಗ ಮೋಡ ಕವಿದರೆ ರಾತ್ರಿ ನಿದ್ದೆಯಿಲ್ಲ. ಡಿಸೆಂಬರಿನಲ್ಲಿ ಮಳೆ ಬಿದ್ದು ಕಣದ ಕಾಫಿ ಕಪ್ಪಾದ ವರ್ಷವನ್ನು ನಾವು ಹೇಳಿದೆವು. ಬೆಳೆ ಬೇರೆ, ಭಯ ಒಂದೇ.

ಬರಗಾಲದಲ್ಲಿ ಟ್ಯಾಂಕರಿನ ನೀರು ಕೊಂಡು ಬಳ್ಳಿ ಉಳಿಸಿಕೊಂಡ ಕಥೆಯನ್ನೂ ಅವರು ಹೇಳಿದರು. ಆಮೇಲೆ ಕೇಳಿದರು:

"ನಿಮ್ಮ ಕಡೆ ಮಳಿ ಎಷ್ಟಾಗ್ತದ್ರಿ?"

"ವರ್ಷಕ್ಕೆ ನೂರು ಇಂಚು."

"ನೂರ ಇಂಚ! ನಮ್ಮಲ್ಲಿ ಇಪ್ಪತ್ತಮೂರು ಬಿದ್ರ ಬೇಷಾತು ಅಂತೀವ್ರಿ. ಅಷ್ಟು ಮಳಿ ಇದ್ದೂ ನಿಮಗ ನೀರಿನ ಚಿಂತಿ ಯಾಕ್ರೀ?"

ಮಾರ್ಚಿಗೆ ಬತ್ತುವ ಹಳ್ಳ, ಕೊರೆದಷ್ಟೂ ಧೂಳೇ ಬರುವ ಬೋರು, ಇದನ್ನೆಲ್ಲ ಹೇಳಲು ಹೊರಟೆವು. ಮಾತು ಮುಂದೆ ಹೋಗಲಿಲ್ಲ. ಪಂಪಿನ ಜಗಳದ ಇಬ್ಬರೂ ನೆಲ ನೋಡುತ್ತಿದ್ದರು.

ಮೂರನೆಯ ದಿನ: ಬಬಲೇಶ್ವರ, ಮಮದಾಪುರ

ಮೂರನೆಯ ದಿನ ಬಬಲೇಶ್ವರದ ದಾರಿ. ಇದು ಡೋಣಿ ನದಿಯ ಸೀಮೆ. ಡೋಣಿಯ ನೀರು ಉಪ್ಪು, ಮಣ್ಣು ಮಾತ್ರ ಹೊನ್ನು. ಅದು ಬೆಳೆದರೆ ಓಣಿಗೆಲ್ಲ ಕಾಳು ಎಂದು ಆ ಕಡೆಯವರು ಹೇಳುತ್ತಾರೆ. ಕಟಾವಿಗೆ ಬಂದ ಬಿಳಿಜೋಳ, ಕಡಲೆ, ಕುಸುಬೆಯ ಹೊಲಗಳ ನಡುವೆ ಬಂಡಿದಾರಿ ಹಿಡಿದು ನಡೆದೆವು. ದಿಕ್ಕು ದಿಕ್ಕಿಗೂ ಆಕಾಶ ನೆಲಕ್ಕೆ ಮುಟ್ಟುವುದು ಕಾಣುತ್ತದೆ. ಸದಾ ಮರದ ಕೆಳಗೇ ಬದುಕುವ ನಮಗೆ ಮೊದಲು ಕಸಿವಿಸಿಯಾಯಿತು, ಬರಬರುತ್ತ ಹಿತವಾಯಿತು.

ಬಬಲೇಶ್ವರದಿಂದ ಮುಂದೆ ಮಮದಾಪುರ. ಊರಿನ ಹೆಸರೇ ಮಹಮ್ಮದ್ ಆದಿಲಶಾಹನದು. ೧೬೩೩ರಲ್ಲಿ ಅವನು ಕಟ್ಟಿಸಿದ ಕೆರೆಯ ಏರಿಯ ಮೇಲಿನ ನಡಿಗೆಯೇ ಈ ಮೂರು ದಿನಗಳಲ್ಲಿ ನಮ್ಮ ಮನಸ್ಸಿಗೆ ಅತ್ಯಂತ ಹಿಡಿಸಿದ್ದು. ಇವನೇ ೧೬೫೧ರಲ್ಲಿ ವಿಜಯಪುರದ ದಕ್ಷಿಣಕ್ಕೆ ಬೇಗಂ ತಲಾಬನ್ನೂ ಕಟ್ಟಿಸಿದ. ಈಚಿನ ವರ್ಷಗಳಲ್ಲಿ ಏತ ನೀರಾವರಿಯಿಂದ ಕೃಷ್ಣೆಯ ನೀರನ್ನು ಎತ್ತಿ ಈ ಸೀಮೆಯ ಕೆರೆಗಳನ್ನು ತುಂಬಿಸುತ್ತಿದ್ದಾರೆ. ಹಳೆಯ ಏರಿ ಉಳಿದಿದ್ದರಿಂದಲೇ ಹೊಸ ನೀರಿಗೆ ನಿಲ್ಲಲು ಜಾಗವಾಯಿತು.

ಏರಿಯ ಮೇಲೆ ಹಿಂತಿರುಗಿ ನೋಡಿದರೆ ಆ ಇಬ್ಬರು ನೆರೆಯವರು ಒಟ್ಟಿಗೆ ಬರುತ್ತಿದ್ದರು. ಒಬ್ಬರ ಬಾಟಲಿಯ ನೀರು ಮುಗಿದಿತ್ತು, ಇನ್ನೊಬ್ಬರು ಕೊಟ್ಟಿದ್ದರು. ಅದಕ್ಕಿಂತ ಹೆಚ್ಚಿನದೇನೂ ನಡೆಯಲಿಲ್ಲ. ಮರಳುವಾಗ ರೈಲಿನಲ್ಲಿ ಒಂದೇ ಬೋಗಿಯಲ್ಲಿ ಕೂತರು.

ಹೋಗುವವರಿಗೆ ಕೆಲವು ಸೂಚನೆಗಳು

ನವೆಂಬರಿನಿಂದ ಫೆಬ್ರವರಿ ತಕ್ಕ ಕಾಲ. ಒಣದ್ರಾಕ್ಷಿ ಕೆಲಸ ನೋಡಬೇಕಾದರೆ ಫೆಬ್ರವರಿ ಮಾರ್ಚಿಯೇ ಆಗಬೇಕು, ಆಗ ಹನ್ನೊಂದು ಗಂಟೆಯೊಳಗೆ ನಡಿಗೆ ಮುಗಿಸಿ ಮತ್ತೆ ನಾಲ್ಕಕ್ಕೆ ಹೊರಡಬೇಕು. ತಲೆಗೆ ಟೋಪಿ ಅಥವಾ ಟವೆಲು, ತಲೆಗೆರಡು ಲೀಟರ್ ನೀರು ಕಡ್ಡಾಯ. ಮಳೆ ಬಿದ್ದ ಮರುದಿನ ಎರೆಹೊಲಕ್ಕೆ ಇಳಿಯಬೇಡಿ, ಒಂದೊಂದು ಕಾಲಿಗೂ ಎರಡು ಕಿಲೋ ಮಣ್ಣು ಹತ್ತುತ್ತದೆ. ಹೊಲದ ಯಜಮಾನರನ್ನು ಕೇಳದೆ ಒಳಗೆ ಕಾಲಿಡಬಾರದು. ಕೇಳಿದರೆ ಬೇಡವೆನ್ನುವವರು ನಮಗಂತೂ ಸಿಗಲಿಲ್ಲ. ಹಾಗೆಯೇ ಊಟ ಹಾಕಿದವರಿಗೆ ಕೊಡಲು ಒಂದೆರಡು ಕಿಲೋ ನಮ್ಮ ಕಾಫಿಪುಡಿ ಜೊತೆಯಲ್ಲಿರಲಿ.

ಕೊನೆಯದಾಗಿ ಒಂದು ಅರಿಕೆ

ನಮ್ಮೂರ ಕೆರೆಯ ಹೂಳೆತ್ತುವ ವಿಷಯ ಮೂರು ಮಹಾಸಭೆಗಳಲ್ಲಿ ಬಂದು ಮೂರು ಸಲವೂ ಮುಂದಕ್ಕೆ ಹೋಗಿದೆ. ಹಣವಿಲ್ಲ, ಸರ್ವೆ ಆಗಿಲ್ಲ ಎಂದು ಕಾರಣ ಬರೆದವರು ನಾವೇ. ಬರೆಯದೆ ಬಿಟ್ಟ ಕಾರಣವೊಂದಿದೆ. ಕೆರೆಯ ಮೇಲಂಗಳದಲ್ಲಿ ನಮ್ಮ ತಂದೆಯವರ ಕಾಲದಲ್ಲಿ ನೆಟ್ಟ ಸುಮಾರು ನಲವತ್ತು ಅಡಿಕೆ ಮರಗಳಿವೆ. ಸರ್ವೆ ಆದರೆ ಅವು ಕೆರೆಯ ಜಾಗದಲ್ಲೇ ಬರುತ್ತವೆಂಬುದು ನಮಗೆ ಗೊತ್ತು. ಊರಿನ ಬಹಳ ಜನಕ್ಕೂ ಗೊತ್ತಿದೆ, ದಾಕ್ಷಿಣ್ಯಕ್ಕೆ ಸುಮ್ಮನಿದ್ದಾರೆ. ಆ ಮರಗಳನ್ನು ಈ ಬೇಸಿಗೆಯಲ್ಲೇ ತೆಗೆಸುತ್ತಿದ್ದೇವೆ. ಮುಂದಿನ ಮಹಾಸಭೆಯಲ್ಲಿ ಹೂಳೆತ್ತುವ ವಿಷಯವೇ ಮೊದಲನೆಯದಾಗಿ ಬರುತ್ತದೆ. ಎಲ್ಲ ಸದಸ್ಯರೂ ಹಾಜರಿದ್ದು ಅಭಿಪ್ರಾಯ ಹೇಳಬೇಕಾಗಿ ವಿನಂತಿ.

ತಿಕೋಟಾದ ಆ ಯಜಮಾನರು ಮುಂದಿನ ಮಳೆಗಾಲದಲ್ಲಿ ನಮ್ಮ ಕಡೆಗೆ ಬರುತ್ತೇವೆಂದು ಹೇಳಿದ್ದಾರೆ. ಅವರ ಪ್ರಶ್ನೆಗೆ ಅಷ್ಟರೊಳಗೆ ಒಂದು ಉತ್ತರ ಸಿದ್ಧವಾಗಬೇಕು.