ಸಾಕುವವರ ಹೊಣೆ

ಕನ್ನಡದಲ್ಲಿ ‘ಸಾಕು’ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಕ್ರಿಯಾಪದವಾಗಿ ಅದು ಪೋಷಿಸು, ಸಲಹು ಎಂಬ ಅರ್ಥವನ್ನು ಕೊಡುತ್ತದೆ. ಬೇರೆಡೆ ‘ಇನ್ನು ಬೇಡ’ ಎಂಬುದನ್ನು ಸೂಚಿಸುತ್ತದೆ. ಪ್ರಾಣಿಗಳನ್ನು ಸಾಕುವವರ ನಡವಳಿಕೆಯಲ್ಲಿ ಈ ಎರಡು ಅರ್ಥಗಳೂ ಒಂದರ ಹಿಂದೆ ಒಂದು ಬರುವುದುಂಟು. ಮರಿಯಾಗಿದ್ದಾಗ ಅಕ್ಕರೆಯಿಂದ ಸಾಕಿದ ನಾಯಿಯನ್ನು, ಅದು ಮುಪ್ಪಡಸಿ ಮನೆಗೆ ಭಾರವೆಂದು ತೋರಿದೊಡನೆ ‘ಸಾಕು’ ಎಂದು ಊರಾಚೆ ಬಿಟ್ಟು ಬರುವವರು ಹಳ್ಳಿಗಳಲ್ಲಿಯೂ ಇದ್ದಾರೆ, ಪಟ್ಟಣಗಳಲ್ಲಿಯೂ ಇದ್ದಾರೆ. ಆದುದರಿಂದ ಸಾಕುವುದೆಂದರೇನು, ಆ ಹೊಣೆಯ ಅವಧಿ ಎಷ್ಟು ಎಂಬುದನ್ನು ನಾಯಿಯ ನಿದರ್ಶನದಿಂದಲೇ ವಿಚಾರಿಸುವುದು ಉಚಿತ.

ಮೊದಲನೆಯದು ಕಾಲಗಣನೆ. ನಾಯಿಯ ಆಯುಷ್ಯ ಸಾಮಾನ್ಯವಾಗಿ ೧೦ರಿಂದ ೧೫ ವರ್ಷ. ದೊಡ್ಡ ಮೈಕಟ್ಟಿನ ಜಾತಿಗಳು ತುಸು ಕಡಿಮೆಯೂ ಚಿಕ್ಕವು ತುಸು ಹೆಚ್ಚೂ ಬದುಕುತ್ತವೆ. ಐದನೆಯ ತರಗತಿಯ ಬಾಲಕನೊಬ್ಬನು ಹಟ ಹಿಡಿದು ಮರಿಯೊಂದನ್ನು ಮನೆಗೆ ತಂದನೆಂದಿಟ್ಟುಕೊಂಡರೆ, ಅವನು ಹತ್ತನೆಯ ತರಗತಿಯನ್ನು ಮುಗಿಸುವ ವೇಳೆಗೆ ನಾಯಿಗೆ ನಡುಪ್ರಾಯ. ಅವನು ಪರಸ್ಥಳದಲ್ಲಿ ಓದಿ ಪದವಿ ಪಡೆದು ಉದ್ಯೋಗ ಅರಸುವಾಗ ಅದಕ್ಕೆ ಹತ್ತು ವರ್ಷ ದಾಟಿ ಕಣ್ಣು ಮಂಜಾಗಿರುತ್ತದೆ. ಮರಿಯನ್ನು ಬೇಡಿದವನು ಮಗ; ಮುದಿನಾಯಿಗೆ ಅನ್ನವಿಕ್ಕಬೇಕಾದವರು ತಂದೆತಾಯಿಗಳು. ಈ ಲೆಕ್ಕವನ್ನು ಮರಿ ಬಾಗಿಲೊಳಗೆ ಬರುವ ಮುನ್ನವೇ ಹಾಕಬೇಕಾದವರು ಮನೆಯ ಹಿರಿಯರು.

ಎರಡನೆಯದು ನಿತ್ಯದ ಪೋಷಣೆ. ಉಂಡು ಉಳಿದುದನ್ನು ಸುರಿದರೆ ಪೋಷಣೆಯಾಯಿತೆಂಬ ಭಾವನೆ ಸರಿಯಲ್ಲ. ಈರುಳ್ಳಿ, ದ್ರಾಕ್ಷಿ, ಚಾಕೊಲೇಟು ಇವು ಮನುಷ್ಯನಿಗೆ ಹಿತವಾದರೂ ನಾಯಿಗೆ ವಿಷಪ್ರಾಯ. ಮನುಷ್ಯನಂತೆ ಮೈಯೆಲ್ಲ ಬೆವರಿ ತಂಪಾಗುವ ಅನುಕೂಲ ಅದಕ್ಕಿಲ್ಲ; ನಾಲಗೆ ಚಾಚಿ ಏದುಸಿರು ಬಿಡುವುದರಿಂದಲೇ ಅದು ಮುಖ್ಯವಾಗಿ ದೇಹತಾಪವನ್ನು ಕಳೆದುಕೊಳ್ಳುತ್ತದೆ. ಬೇಸಗೆಯಲ್ಲಿ ನೆರಳು, ನೀರು ಎರಡೂ ಅದಕ್ಕೆ ಪ್ರಾಣಾಧಾರ. ಹಿಮಪ್ರದೇಶದ ದಟ್ಟ ರೋಮದ ತಳಿಗಳನ್ನು ಬಿಸಿಲನಾಡಿನಲ್ಲಿ ಅಂದಕ್ಕಾಗಿ ಸಾಕುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಓಟಕ್ಕೆಂದೇ ಹುಟ್ಟಿದ ತಳಿಗಳ ವಿಷಯವೂ ಹೀಗೆಯೇ. ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿ ನಾಡಿಗೆ ಕೀರ್ತಿ ತಂದುದು. ೨೦೦೫ರಲ್ಲಿ ಭಾರತೀಯ ಅಂಚೆ ಇಲಾಖೆ ಅದರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರತಂದಿತು. ಅಂತಹ ನಾಯಿಯನ್ನು ಮೂರು ಮೊಳದ ಸರಪಳಿಯಲ್ಲಿ ದಿನವಿಡೀ ಬಿಗಿದಿಡುವುದು ಅದರ ಹುಟ್ಟುಗುಣಕ್ಕೆ ಮಾಡುವ ಅಪಚಾರ.

ಮೂರನೆಯದು ಆರೋಗ್ಯ. ರೇಬೀಸ್ ರೋಗದ ಲಕ್ಷಣಗಳು ಒಮ್ಮೆ ತೋರಿದ ಮೇಲೆ ಬದುಕುಳಿಯುವವರು ಅತಿ ವಿರಳ. ಆದರೆ ಲಸಿಕೆಯಿಂದ ಅದನ್ನು ತಡೆಯಬಹುದು. ಮರಿಗೆ ಮೂರು ತಿಂಗಳಾದಾಗ ಮೊದಲ ಲಸಿಕೆಯನ್ನೂ ಮುಂದೆ ಪಶುವೈದ್ಯರು ಹೇಳಿದ ಕಾಲಕ್ಕೆ ಮರುಲಸಿಕೆಗಳನ್ನೂ ತಪ್ಪದೆ ಹಾಕಿಸಬೇಕು. ಸಂತಾನಹರಣ ಚಿಕಿತ್ಸೆಯೂ ಅಷ್ಟೇ ಅಗತ್ಯ. ಹೆಣ್ಣುನಾಯಿಯ ಗರ್ಭಾವಧಿ ಸುಮಾರು ೬೩ ದಿನಗಳು ಮಾತ್ರ. ಒಂದು ಸೂಲಿನ ಐದಾರು ಮರಿಗಳಿಗೆ ಮನೆ ಹುಡುಕಲಾರದವರು ಅವುಗಳನ್ನು ಬೀದಿಗೆ ಬಿಡುತ್ತಾರೆ. ಬೀದಿನಾಯಿಗಳ ಕಾಟವೆಂದು ದೂರುವವರಲ್ಲಿ ಅವರೂ ಸೇರಿರುತ್ತಾರೆ.

ಈ ಕರ್ತವ್ಯಗಳು ಕೇವಲ ದಯೆಗೆ ಬಿಟ್ಟ ವಿಷಯಗಳಲ್ಲ. ಪ್ರಾಣಿಹಿಂಸೆಯನ್ನು ತಡೆಯುವ ೧೯೬೦ರ ಅಧಿನಿಯಮದ ೧೧ನೆಯ ಪ್ರಕರಣದಂತೆ, ಒಡೆಯನು ಪ್ರಾಣಿಗೆ ಸಾಕಷ್ಟು ಆಹಾರ, ನೀರು, ಆಶ್ರಯ ಕೊಡದಿರುವುದೂ, ಸದಾ ಕಟ್ಟಿಹಾಕಿದ ನಾಯಿಗೆ ಓಡಾಟ ಕಲ್ಪಿಸದಿರುವುದೂ, ಸಕಾರಣವಿಲ್ಲದೆ ಹಸಿವು ನೀರಡಿಕೆಗಳಿಂದ ನರಳುವ ಸ್ಥಿತಿಯಲ್ಲಿ ಅದನ್ನು ತೊರೆದುಬಿಡುವುದೂ ಅಪರಾಧಗಳು. ೧೯೭೬ರ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ ಮೂಲಭೂತ ಕರ್ತವ್ಯಗಳಲ್ಲಿಯೂ ಜೀವಿಗಳಲ್ಲಿ ಅನುಕಂಪ ತೋರುವುದು ಒಂದಾಗಿದೆ.

ಶಾಸನಬದ್ಧ ಕಾಯಿದೆ ಬರುವುದಕ್ಕೆ ಸಾವಿರ ವರ್ಷಗಳ ಹಿಂದೆಯೇ ಕನ್ನಡನಾಡು ಈ ಹೊಣೆಯನ್ನು ಶಿಲೆಯಲ್ಲಿ ಬರೆಯಿಸಿತ್ತು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ವೀರಗಲ್ಲು ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಕಾಲದ್ದು, ಶಕವರ್ಷ ೮೭೨ರದು. ಗಂಗರ ಇಮ್ಮಡಿ ಬೂತುಗನ ಅನುಚರನಾದ ಮಣಲೇರನು ಯುದ್ಧದಲ್ಲಿ ಶೌರ್ಯ ಮೆರೆದಾಗ, ಬೇಕಾದುದನ್ನು ಬೇಡೆಂದ ಒಡೆಯನಲ್ಲಿ ಅವನು ಬೇಡಿ ಪಡೆದುದು ‘ಕಾಳಿ’ ಎಂಬ ಬೇಟೆನಾಯಿಯನ್ನು. ಆ ನಾಯಿ ಕಾಡುಹಂದಿಯೊಂದಿಗೆ ಹೋರಾಡಿತು. ಹಂದಿಯೂ ನಾಯಿಯೂ ಜೊತೆಯಲ್ಲೇ ಸತ್ತವು. ಮಣಲೇರನು ದೇವಾಲಯದ ಮುಂದೆ ಅದಕ್ಕೆ ಕಲ್ಲು ನಿಲ್ಲಿಸಿ ಭೂಮಿಯನ್ನು ಬಿಟ್ಟನು. ಅಲ್ಲಿಯ ಗೊರವನು ಆ ಕಲ್ಲಿಗೆ ಪೂಜೆ ಸಲ್ಲಿಸದೆ ಉಂಡರೆ ಪಾಪಕ್ಕೆ ಗುರಿಯಾಗುವನೆಂದೂ ವಿಧಿಸಲಾಗಿದೆ. ಬೇಡಿ ತಂದವನ ಹೊಣೆ ಪ್ರಾಣಿಯ ಮರಣದಿಂದಲೂ ಮುಗಿಯಲಿಲ್ಲವೆಂಬುದು ಇಲ್ಲಿ ಗಮನಾರ್ಹ. ಇಂದಿನ ಗೃಹಸ್ಥನಿಂದ ಯಾರೂ ಕಲ್ಲನ್ನು ಅಪೇಕ್ಷಿಸುವುದಿಲ್ಲ. ಕೊನೆಯ ಕೆಲವು ವರ್ಷಗಳ ಆರೈಕೆಯಷ್ಟನ್ನೇ ಅಪೇಕ್ಷಿಸುತ್ತಾರೆ.

ಆ ಕೊನೆಯ ವರ್ಷಗಳೇ ಕಠಿಣವಾದವು. ಮುದಿನಾಯಿಗೆ ಕಣ್ಣು ಕಿವಿಗಳು ಮಂದವಾಗುತ್ತವೆ, ಸಂದುಗಳು ನೋಯುತ್ತವೆ, ಮಲಮೂತ್ರಗಳ ಹಿಡಿತ ತಪ್ಪುತ್ತದೆ. ಮನೆ ಹೊಲಸು ಮಾಡಿತೆಂದು ಅದನ್ನು ಹೊಡೆಯುವವರು ಅದು ತಪ್ಪಲ್ಲ, ರೋಗವೆಂಬುದನ್ನು ಅರಿಯಬೇಕು. ಮೆತ್ತನೆಯ ಹಾಸು, ಸುಲಭವಾಗಿ ಅಗಿಯಬಹುದಾದ ಆಹಾರ, ಆಗಾಗ್ಗೆ ವೈದ್ಯರ ತಪಾಸಣೆ ಇಷ್ಟರಿಂದ ಅದರ ಸಂಕಟ ಬಹುಮಟ್ಟಿಗೆ ತಗ್ಗುತ್ತದೆ. ಮನೆಯವರು ಊರು ಬದಲಿಸಬೇಕಾದಾಗಲೂ, ಒಡೆಯನೇ ವೃದ್ಧನಾದಾಗಲೂ ನಾಯಿಯನ್ನು ನೋಡಿಕೊಳ್ಳುವವರು ಯಾರೆಂಬುದನ್ನು ಮುಂಚಿತವಾಗಿಯೇ ಗೊತ್ತುಮಾಡಿರಬೇಕು. ದಾನಿಗಳು ನಡೆಸುವ ಪ್ರಾಣಿರಕ್ಷಣಾಲಯಗಳು ಮುಖ್ಯವಾಗಿ ದಿಕ್ಕಿಲ್ಲದ ಜೀವಗಳಿಗಾಗಿ ಇರತಕ್ಕವು. ದಿಕ್ಕಿರುವ ನಾಯಿಯನ್ನು ಅಲ್ಲಿಗೆ ತಳ್ಳಿದರೆ ದಿಕ್ಕಿಲ್ಲದ ಒಂದಕ್ಕೆ ಸ್ಥಳವಿಲ್ಲದಂತಾಗುತ್ತದೆ.

ದಯೆಯ ಪಾಠವನ್ನು ಶಾಲೆ ಪುಸ್ತಕದಿಂದ ಕಲಿಸಬಲ್ಲದು. ಅದು ನಿಜವೇ ಎಂದು ಮಗು ಪರೀಕ್ಷಿಸಿ ನೋಡುವುದು ಮನೆಯಲ್ಲಿ. ತಾನು ಎತ್ತಿ ಆಡಿಸಿದ ನಾಯಿ ಮುದಿಯಾದಾಗ ತಂದೆತಾಯಿಗಳು ಅದನ್ನು ಹೇಗೆ ನಡೆಸಿಕೊಂಡರೆಂಬುದನ್ನು ಅದು ಮರೆಯುವುದಿಲ್ಲ. ಕೈಲಾಗದ ಜೀವವನ್ನು ಮನೆಯಲ್ಲಿ ಇರಿಸಿಕೊಳ್ಳಬೇಕೋ ಹೊರಗೆ ಹಾಕಬೇಕೋ ಎಂಬ ಪ್ರಶ್ನೆಗೆ ಮುಂದೆ ಅದೇ ಮಗು ಉತ್ತರ ಹೇಳಬೇಕಾಗುತ್ತದೆ. ಆ ಹೊತ್ತಿಗೆ ಮುದಿಯಾಗಿರುವವರು ತಂದೆತಾಯಿಗಳು.