ಪುಣೆಯ ಗೋಡೆಗೆ ನವಿಲು ಬಣ್ಣ

ಊರು ಬಿಟ್ಟು ಬಂದು ಬಾಡಿಗೆ ಮನೆಯಲ್ಲಿರುವವರ ಗೋಡೆಗಳಿಗೆಲ್ಲ ಸಾಮಾನ್ಯವಾಗಿ ಒಂದೇ ಬಣ್ಣ, ಕ್ರೀಮ್. ಮೊಳೆ ಹೊಡೆಯುವಂತಿಲ್ಲ, ಬಣ್ಣ ಬದಲಿಸುವಂತಿಲ್ಲ ಎಂದು ಮಾಲೀಕರು ಮೊದಲೇ ಹೇಳಿಬಿಡುತ್ತಾರೆ. ಪುಣೆಗೆ ಬಂದ 11 ವರ್ಷಗಳಲ್ಲಿ ನಾವು 4 ಮನೆ ಬದಲಿಸಿದೆವು, ನಾಲ್ಕೂ ಕ್ರೀಮ್. ಹೋದ ವರ್ಷ ಪಿಂಪ್ರಿ ಕಡೆ ಸ್ವಂತದ್ದೊಂದು ಸಣ್ಣ ಫ್ಲ್ಯಾಟ್ ಕೊಂಡಾಗ ನನಗಿದ್ದದ್ದು ಒಂದೇ ಹಟ: ಹಾಲ್‌ನ ಒಂದು ಗೋಡೆಗಾದರೂ ಕಡು ನೀಲಿ-ಹಸಿರು ಬೇಕು.

ಶೇಡ್ ಕಾರ್ಡಿನಲ್ಲಿ ಈ ಬಣ್ಣಕ್ಕೆ ಟೀಲ್ ಎಂದು ಹೆಸರು. ಟೀಲ್ ಎಂದರೆ ಒಂದು ಪುಟ್ಟ ಕಾಡುಬಾತು. ಗಂಡು ಹಕ್ಕಿಯ ಕಣ್ಣಿನಿಂದ ಹಿಂದಕ್ಕೆ ಹೋಗುವ ಪಟ್ಟೆಯಿಂದ ಬಣ್ಣಕ್ಕೆ ಆ ಹೆಸರು ಬಂತು. ಚಳಿಗಾಲದಲ್ಲಿ ಉತ್ತರದಿಂದ ಹಾರಿ ನಮ್ಮ ಕೆರೆಗಳಿಗೂ ಬರುವ ವಲಸೆ ಹಕ್ಕಿ ಅದು. ನಮ್ಮ ಪೇಂಟರ್ ಇದನ್ನು 'ಮೋರಪಂಖಿ' ಎಂದ. ಬಾಗಲಕೋಟೆ ಜಿಲ್ಲೆಯ ನನಗೆ ಇದು ನವಿಲು ಬಣ್ಣ, ಅವ್ವನ ಇಳಕಲ್ ಸೀರೆಯ ಬಣ್ಣ.

'ಮುಂದೆ ಮಾರುವಾಗ ಯಾರು ಇಷ್ಟಪಡುತ್ತಾರೆ?' ಎಂದರು ನಮ್ಮವರು. ಅವ್ವ ಫೋನಿನಲ್ಲಿ, 'ಅಷ್ಟು ಕಡು ಬಣ್ಣ ಹಚ್ಚಿದ್ರ ಮನಿ ಕತ್ತಲ ಆಗೂದಿಲ್ಲೇನವಾ?' ಎಂದಳು. ಸ್ವಲ್ಪ ತಡೆದು, 'ಅಂದ್ರ ನೀವು ಇನ್ನ ಈ ಕಡೆ ಬರಂಗಿಲ್ಲಂತಾತು' ಎಂದಳು.

ಕತ್ತಲೆಯ ಪ್ರಶ್ನೆಗೆ ಉತ್ತರವಿತ್ತು. ಕಡು ಬಣ್ಣ ಬೆಳಕನ್ನು ಹೀರಿಕೊಳ್ಳುತ್ತದೆ ನಿಜ, ಅದಕ್ಕೇ ಸಣ್ಣ ಹಾಲ್‌ಗೆ ಒಂದೇ ಗೋಡೆ ಸಾಕು. ಕಿಟಕಿ ಇರುವ ಗೋಡೆ ಬೇಡ. ಹೊರಗಿನ ಬೆಳಕು ಕಣ್ಣಿಗೆ ಹೊಡೆದು ಗೋಡೆ ಕಪ್ಪಗೆ ಕಾಣುತ್ತದೆ. ಕಿಟಕಿಯ ಬೆಳಕು ಪಕ್ಕದಿಂದ ಬೀಳುವ ಗೋಡೆಯಾದರೆ ಬಣ್ಣ ಅರಳುತ್ತದೆ. ಮಳೆ ಬಡಿಯುವ ಹೊರಗೋಡೆಯೂ ಬೇಡ. ತೇವದೊಂದಿಗೆ ಹೊರಬರುವ ಉಪ್ಪಿನ ಬಿಳಿ ಪುಡಿ ಕ್ರೀಮ್ ಮೇಲೆ ಅಡಗಬಹುದು, ಕಡು ಬಣ್ಣದ ಮೇಲೆ ಎದ್ದು ಕಾಣುತ್ತದೆ. ನಾವು ಆರಿಸಿದ್ದು ಸೋಫಾದ ಹಿಂದಿನ ಒಳಗೋಡೆಯನ್ನು. ಮಳೆಗಾಲ ಮುಗಿದ ಮೇಲೆಯೇ ಕೆಲಸ ಹಿಡಿದೆವು.

ಮೊದಲು ದೊಡ್ಡ ರಟ್ಟಿನ ಮೇಲೆ ಬಣ್ಣ ಹಚ್ಚಿ ಮೂರು ದಿನ ಗೋಡೆಗೆ ಒರಗಿಸಿ ಇಟ್ಟೆವು. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ನೋಡಿದೆವು. ಬಿಳಿ ಟ್ಯೂಬ್‌ಲೈಟಿನಲ್ಲಿ ನೀಲಿಗೆ ವಾಲುತ್ತಿದ್ದ ಅದೇ ಬಣ್ಣ ಹಳದಿ ಬೆಳಕಿನಲ್ಲಿ ಹಸಿರಿಗೆ ವಾಲುತ್ತಿತ್ತು. ಕೊನೆಗೆ ಟ್ಯೂಬ್‌ಲೈಟ್ ತೆಗೆಸಿ 3000 ಕೆಲ್ವಿನ್‌ನ ಬಲ್ಬ್ ಹಾಕಿಸಿದೆವು.

ಕಡು ಶೇಡುಗಳನ್ನು ಬಿಳಿ ಪುಡಿ ಕಡಿಮೆ ಇರುವ ಬೇಸ್‌ನಲ್ಲಿ ಕಲೆಸುತ್ತಾರೆ. ಹಾಗಾಗಿ ಕೆಳಗಿನ ಹಳೆಯ ಬಣ್ಣವನ್ನು ಮುಚ್ಚುವ ಶಕ್ತಿ ಕಮ್ಮಿ, ಎರಡು ಕೋಟ್ ಸಾಲದೆ ಮೂರು ಬೇಕಾಗಬಹುದು. ಬೂದು ಬಣ್ಣ ಬೆರೆಸಿದ ಪ್ರೈಮರ್ ಹಚ್ಚಿದರೆ ಈ ಕೆಲಸ ಹಗುರ. ಬೇಕಾದಷ್ಟನ್ನೂ ಒಂದೇ ಸಲ ಕಲೆಸಿ ತರಬೇಕು. ಮತ್ತೆ ಕಲೆಸಿದ ಡಬ್ಬಿಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಗೋಡೆಯ ಮೇಲೆ ಗೊತ್ತಾಗುತ್ತದೆ. ಪೂರ್ತಿ ಹೊಳಪಿನ ಪೇಂಟು ಪುಟ್ಟಿಯ ಉಬ್ಬುತಗ್ಗನ್ನೆಲ್ಲ ತೋರಿಸುತ್ತದೆ. ಪೂರ್ತಿ ಮ್ಯಾಟ್ ಆದರೆ ಮಕ್ಕಳ ಕೈಗುರುತು ಉಳಿಯುತ್ತದೆ. ನಾವು ತೆಗೆದುಕೊಂಡದ್ದು ನಡುವಿನದು.

ಉಳಿದ ಮೂರು ಗೋಡೆ ಕ್ರೀಮ್ ಆಗಿಯೇ ಉಳಿದವು, ಸೀಲಿಂಗ್ ಬಿಳಿ. ನವಿಲು ಬಣ್ಣದ ಮುಂದೆ ಹಿತ್ತಾಳೆಯ ದೀಪ, ತೇಗದ ಮರ, ಕೆಂಪು ಬಟ್ಟೆ ಚೆನ್ನಾಗಿ ಕೂಡುತ್ತವೆ. ಗುಳೇದಗುಡ್ಡದ ಕೆಂಪು ಖಣದಿಂದ ಕುಶನ್ ಕವರ್ ಹೊಲಿಸಿದೆ. ಬೀದರಿನ ಬಿದ್ರಿ ಹೂದಾನಿ ಮಾತ್ರ ಈ ಗೋಡೆಯ ಮುಂದೆ ಕಾಣದೇ ಹೋಯಿತು, ಎದುರಿನ ಕ್ರೀಮ್ ಗೋಡೆಯ ಕಡೆ ಇಟ್ಟೆ. ಬಾಡಿಗೆ ಮನೆಯವರು ಆಸೆ ಬಿಡಬೇಕಿಲ್ಲ. ದೊಡ್ಡ ಪ್ಲೈವುಡ್ ಹಲಗೆಗೆ ಇದೇ ಬಣ್ಣ ಹಚ್ಚಿ ಸೋಫಾದ ಹಿಂದೆ ಬೀಳದಂತೆ ಒರಗಿಸಿ ಇಡಬಹುದು, ಮನೆ ಬದಲಿಸುವಾಗ ಜೊತೆಗೇ ಒಯ್ಯಬಹುದು.

ಅವ್ವನ ಎರಡನೆಯ ಮಾತಿಗೆ ಉತ್ತರ ಇಷ್ಟು ಸಲೀಸಾಗಿರಲಿಲ್ಲ. 'ಹಂಗೇನಿಲ್ಲ ಬಿಡವಾ, ಬರ್ತೀವಿ' ಎಂದು ಇಷ್ಟು ವರ್ಷ ಹೇಳುತ್ತ ಬಂದಿದ್ದೆ. ಮನೆಸಾಲ, ಮಗಳ ಶಾಲೆ, ಇಬ್ಬರ ನೌಕರಿ ಎಲ್ಲ ಇಲ್ಲಿ. ಆ ದಿನ ಮಾತ್ರ, 'ಹೌದವಾ, ನಾವು ಇನ್ನ ಇಲ್ಲೇ' ಎಂದೆ. ಅವ್ವ, 'ಆತು ಬಿಡು, ಛಲೋ ಇರ್ರಿ' ಎಂದು ಫೋನಿಟ್ಟಳು. ನಮ್ಮವರಿಗೂ ಅದೇ ಉತ್ತರ ಸಾಕಾಯಿತು: ಉಳಿಯುವವರು ಮಾರುವ ಚಿಂತೆ ಯಾಕೆ ಮಾಡಬೇಕು?

ದೀಪಾವಳಿಗೆ ಅವ್ವ ಬಂದಳು. ಬಂದವಳೇ ಸೀರೆಯ ಸೆರಗು ಬಿಟ್ಟು ಒಡಲನ್ನು ಗೋಡೆಗೆ ಹಿಡಿದು ನೋಡಿ, 'ನನ್ನ ಸೀರಿ ಚೂರು ಹಸರು ಐತಿ' ಎಂದಳು. ಹಗಲಿನಲ್ಲಿ ಅದು ನಿಜ. 'ಸಂಜಿಗೆ ದೀಪ ಹಾಕಿದ ಮ್ಯಾಲೆ ನೋಡವಾ' ಎಂದೆ.