ಒಮೆಗಾ ಸೆಂಟಾರಿ

ಒಮೆಗಾ ಸೆಂಟಾರಿ (ಎನ್‌ಜಿಸಿ 5139) ದಕ್ಷಿಣಾಕಾಶದ ಕಿನ್ನರ (ಸೆಂಟಾರಸ್) ನಕ್ಷತ್ರಪುಂಜದಲ್ಲಿ ಕಾಣುವ ಗೋಳಾಕಾರದ ತಾರಾಗುಚ್ಛ. ಭೂಮಿಯಿಂದ ಸುಮಾರು 17,000 ಜ್ಯೋತಿರ್ವರ್ಷಗಳ ದೂರದಲ್ಲಿರುವ ಇದು ನಮ್ಮ ಆಕಾಶಗಂಗೆಯ ಗೋಳಗುಚ್ಛಗಳಲ್ಲೆಲ್ಲ ಅತಿ ದೊಡ್ಡದು, ಅತಿ ಪ್ರಕಾಶಮಾನವಾದುದು. ಇದರ ವ್ಯಾಸ ಸುಮಾರು 150 ಜ್ಯೋತಿರ್ವರ್ಷ. ವಯಸ್ಸು ಸುಮಾರು 1,200 ಕೋಟಿ ವರ್ಷ. ಇಷ್ಟು ಜಾಗದಲ್ಲಿ ಒಂದು ಕೋಟಿಯಷ್ಟು ನಕ್ಷತ್ರಗಳಿವೆ ಎಂದು ಅಂದಾಜಿಸಲಾಗಿದೆ. ಸೂರ್ಯನಿಂದ ಅತಿ ಸಮೀಪದ ನಕ್ಷತ್ರಕ್ಕೆ 4.2 ಜ್ಯೋತಿರ್ವರ್ಷ ದೂರವಾದರೆ, ಈ ಗುಚ್ಛದ ನಡುಭಾಗದಲ್ಲಿ ನಕ್ಷತ್ರಗಳ ನಡುವಣ ಸರಾಸರಿ ಅಂತರ ಅದರ ನಲವತ್ತನೆಯ ಒಂದು ಭಾಗದಷ್ಟು ಮಾತ್ರ.

ಹೆಸರು ಮತ್ತು ಇತಿಹಾಸ

ಇದಕ್ಕೆ ನಕ್ಷತ್ರದ ಹೆಸರಿರುವುದು ಒಂದು ತಪ್ಪು ಗ್ರಹಿಕೆಯ ಫಲ. ಕ್ರಿ.ಶ. ಎರಡನೆಯ ಶತಮಾನದಲ್ಲಿ ಟಾಲೆಮಿಯು ತನ್ನ 'ಆಲ್ಮಜೆಸ್ಟ್'ನಲ್ಲಿ ಇದನ್ನು ಒಂಟಿ ನಕ್ಷತ್ರವೆಂದೇ ದಾಖಲಿಸಿದ್ದನು. 1603ರಲ್ಲಿ ಯೋಹಾನ್ ಬೇಯರ್ ತನ್ನ 'ಯುರಾನೊಮೆಟ್ರಿಯ' ನಕ್ಷಾಸಂಪುಟದಲ್ಲಿ ಇದಕ್ಕೆ ಗ್ರೀಕ್ ವರ್ಣಮಾಲೆಯ ಕೊನೆಯ ಅಕ್ಷರವಾದ ಒಮೆಗಾವನ್ನು ಕೊಟ್ಟನು. 'ಸೆಂಟಾರಿ' ಎಂಬುದು ಲ್ಯಾಟಿನ್ ಭಾಷೆಯ ಷಷ್ಠೀ ವಿಭಕ್ತಿಯ ರೂಪ. ಆದ್ದರಿಂದ ಹೆಸರಿನ ಅರ್ಥ 'ಕಿನ್ನರನ ಒಮೆಗಾ' ಎಂದಷ್ಟೇ.

ದಕ್ಷಿಣದ ನಕ್ಷತ್ರಗಳ ಪಟ್ಟಿ ಮಾಡಲು ಸೇಂಟ್ ಹೆಲೆನಾ ದ್ವೀಪಕ್ಕೆ ಹೋಗಿದ್ದ ಎಡ್ಮಂಡ್ ಹ್ಯಾಲಿ 1677ರಲ್ಲಿ ಇದು ನಕ್ಷತ್ರವಲ್ಲ, ಮಸುಕಾದ ಬೆಳಕಿನ ಮಚ್ಚೆ ಎಂದು ಗುರುತಿಸಿದನು. ಇದೊಂದು ಗೋಳಗುಚ್ಛವೆಂಬುದನ್ನು 1826ರಲ್ಲಿ ಜೇಮ್ಸ್ ಡನ್‌ಲಾಪ್ ಕಂಡುಕೊಂಡನು. ಮೆಸ್ಸಿಯೆಯ ಪ್ರಸಿದ್ಧ ಪಟ್ಟಿಯಲ್ಲಿ ಇದರ ಹೆಸರಿಲ್ಲ. ಪ್ಯಾರಿಸ್ಸಿನಿಂದ ನೋಡುವವನಿಗೆ ಇದು ದಿಗಂತದ ಮೇಲೆ ಏಳುವುದೇ ಇಲ್ಲ.

ಸ್ವರೂಪದ ಪ್ರಶ್ನೆ

ಸಾಮಾನ್ಯ ಗೋಳಗುಚ್ಛದ ನಕ್ಷತ್ರಗಳು ಹೆಚ್ಚುಕಡಿಮೆ ಒಂದೇ ಕಾಲದಲ್ಲಿ, ಒಂದೇ ಅನಿಲಮೋಡದಿಂದ ಹುಟ್ಟಿದಂಥವು. ಹಾಗಾಗಿ ಅವುಗಳಲ್ಲಿ ಕಬ್ಬಿಣದಂತಹ ಭಾರವಾದ ಧಾತುಗಳ ಪ್ರಮಾಣ ಬಹುಮಟ್ಟಿಗೆ ಸಮನಾಗಿರುತ್ತದೆ. ಒಮೆಗಾ ಸೆಂಟಾರಿಯಲ್ಲಿ ಹಾಗಿಲ್ಲ. ಇಲ್ಲಿ ಈ ಪ್ರಮಾಣ ನಕ್ಷತ್ರದಿಂದ ನಕ್ಷತ್ರಕ್ಕೆ ಬಹಳ ವ್ಯತ್ಯಾಸವಾಗುತ್ತದೆ. ಭಾರವಾದ ಧಾತುಗಳು ಹಿಂದಿನ ತಲೆಮಾರಿನ ನಕ್ಷತ್ರಗಳ ಒಡಲಲ್ಲಿ ಸಿದ್ಧವಾಗಿ, ಅವು ಸತ್ತಮೇಲೆ ಮುಂದಿನವಕ್ಕೆ ಸಿಗುವುದರಿಂದ, ಇಲ್ಲಿ ಹಲವು ತಲೆಮಾರುಗಳು ಆಗಿಹೋಗಿರಬೇಕು. ಇದು ಗುಚ್ಛಕ್ಕಿಂತ ಗೆಲಾಕ್ಸಿಗೆ ಹೊಂದುವ ಲಕ್ಷಣ. ಆಕಾಶಗಂಗೆಯು ಬಹು ಹಿಂದೆ ಒಂದು ಕುಬ್ಜ ಗೆಲಾಕ್ಸಿಯನ್ನು ಕಬಳಿಸಿತು, ಅದರ ಹೊರಭಾಗವೆಲ್ಲ ಚದುರಿ ಹೋಗಿ ಉಳಿದ ತಿರುಳೇ ಒಮೆಗಾ ಸೆಂಟಾರಿ ಎಂಬುದು ಇಂದು ಹೆಚ್ಚಿನ ವಿಜ್ಞಾನಿಗಳು ಒಪ್ಪುವ ವಿವರಣೆ.

ಗೆಲಾಕ್ಸಿಯ ತಿರುಳಾದರೆ ನಡುವೆ ಕಪ್ಪುಕುಳಿ ಇರಬೇಕಲ್ಲವೇ? ಹಬಲ್ ದೂರದರ್ಶಕವು ಎರಡು ದಶಕಗಳಲ್ಲಿ ತೆಗೆದ ಐನೂರಕ್ಕೂ ಹೆಚ್ಚು ಚಿತ್ರಗಳನ್ನು ಹೋಲಿಸಿದ ಸಂಶೋಧಕರು, ನಡುಭಾಗದಲ್ಲಿ ಅತಿವೇಗವಾಗಿ ಚಲಿಸುವ ಏಳು ನಕ್ಷತ್ರಗಳಿವೆ ಎಂದು 2024ರಲ್ಲಿ ಪ್ರಕಟಿಸಿದರು. ಅಷ್ಟು ವೇಗದ ನಕ್ಷತ್ರಗಳು ಗುಚ್ಛವನ್ನು ಬಿಟ್ಟು ಹೊರಟುಹೋಗಬೇಕಾಗಿತ್ತು. ಅವನ್ನು ಹಿಡಿದಿಟ್ಟಿರುವುದು ಸೂರ್ಯನ ಕನಿಷ್ಠ 8,200 ಪಟ್ಟು ದ್ರವ್ಯರಾಶಿಯ ಕಪ್ಪುಕುಳಿ ಎಂಬುದು ಅವರ ತೀರ್ಮಾನ. ಒಂದೇ ದೊಡ್ಡ ಕಪ್ಪುಕುಳಿಯ ಬದಲು ಅನೇಕ ಸಣ್ಣ ಕಪ್ಪುಕುಳಿಗಳ ಗುಂಪಿನ ಪಾತ್ರವೂ ಇದೆಯೆಂಬ ವಾದವಿದ್ದು, ಚರ್ಚೆ ಮುಗಿದಿಲ್ಲ.

ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಆಸ್ಟ್ರೋಸ್ಯಾಟ್ ಉಪಗ್ರಹದ ಅತಿನೇರಳೆ ದೂರದರ್ಶಕದಿಂದ ಈ ಗುಚ್ಛದ ಬಿಸಿ ನಕ್ಷತ್ರಗಳನ್ನು ಅಧ್ಯಯನ ಮಾಡಿದ್ದಾರೆ.

ವೀಕ್ಷಣೆ

ಪ್ಯಾರಿಸ್ಸಿಗಿಲ್ಲದ ಭಾಗ್ಯ ಕರ್ನಾಟಕಕ್ಕಿದೆ. ಚಿತ್ತಾ ನಕ್ಷತ್ರವು ನೆತ್ತಿಯ ದಕ್ಷಿಣಕ್ಕೆ ಅತ್ಯುನ್ನತ ಸ್ಥಾನದಲ್ಲಿರುವಾಗ, ಅಲ್ಲಿಂದ ನೇರ ಕೆಳಕ್ಕೆ, ಚಾಚಿದ ಕೈಯ ಮೂರೂವರೆ ಮುಷ್ಟಿಯಷ್ಟು (ಸುಮಾರು 36 ಡಿಗ್ರಿ) ಇಳಿದರೆ ಒಮೆಗಾ ಸೆಂಟಾರಿ ಸಿಗುತ್ತದೆ. ಆಗ ಅದು ಬೆಂಗಳೂರಿನಲ್ಲಿ ದಿಗಂತದಿಂದ ಸುಮಾರು 29 ಡಿಗ್ರಿ, ಬೀದರಿನಲ್ಲಿ ಸುಮಾರು 25 ಡಿಗ್ರಿ ಎತ್ತರದಲ್ಲಿರುತ್ತದೆ. ಏಪ್ರಿಲ್ ಕೊನೆಯಲ್ಲಿ ರಾತ್ರಿ 11ರ ಸುಮಾರಿಗೆ, ಮೇ ಕೊನೆಯಲ್ಲಿ 9ರ ಸುಮಾರಿಗೆ ಈ ಸ್ಥಿತಿ ಒದಗುತ್ತದೆ. ಮುಂಗಾರಿನ ಮೋಡಗಳಿಗೆ ಮುಂಚಿತವಾಗಿ ನೋಡುವುದು ಒಳಿತು. ಇದರ ಗೋಚರ ಕಾಂತಿಮಾನ 3.9. ದೀಪಗಳಿಲ್ಲದ ಊರಿನಲ್ಲಿ ಬರಿಗಣ್ಣಿಗೆ ಮಂಜು ಕವಿದ ನಕ್ಷತ್ರದಂತೆಯೂ ಬೈನಾಕ್ಯುಲರಿನಲ್ಲಿ ಹತ್ತಿಯ ಉಂಡೆಯಂತೆಯೂ ತೋರುತ್ತದೆ. ಆರು ಅಂಗುಲದ ದೂರದರ್ಶಕದಲ್ಲಿ ಅಂಚಿನ ನಕ್ಷತ್ರಗಳು ಬಿಡಿಬಿಡಿಯಾಗಿ ಕಾಣತೊಡಗುತ್ತವೆ.